ಶಾಲು ಬೇಡ, ಕೆಂಪು ಬಾವುಟ ಕೊಡಿ

ರೇಸ್ ಟ್ರ್ಯಾಕಿನ ಪಕ್ಕ ನಿಲ್ಲುವ ಡಾಕ್ಟರಿಗೆ ಮೊದಲು ಹೇಳಿಕೊಡುವ ಪಾಠ, ಓಡಬಾರದು ಅನ್ನುವುದು. ಕಣ್ಣೆದುರೇ ಹುಡುಗನೊಬ್ಬ ಬೈಕಿನಿಂದ ಹಾರಿಬಿದ್ದು, ಉರುಳಿ ಉರುಳಿ ಜಲ್ಲಿ ಹಾಸಿನ ಮೇಲೆ ಅಲುಗಾಡದೆ ಮಲಗಿದ್ದರೂ ಓಡುವಂತಿಲ್ಲ. ಕಿಟ್ ಹೆಗಲಿಗೇರಿಸಿ, ವಾಕಿಟಾಕಿ ಕಿವಿಗೊತ್ತಿಕೊಂಡು, ಕಂಟ್ರೋಲ್ ರೂಮಿನವರು ಹೋಗಿ ಅನ್ನುವ ತನಕ ತಡೆಗೋಡೆಯ ಹಿಂದೆಯೇ ನಿಂತಿರಬೇಕು. ಹಿಂದಿನಿಂದ ಇನ್ನಷ್ಟು ಬೈಕುಗಳು ಅದೇ ತಿರುವಿಗೆ ನುಗ್ಗಿ ಬರುತ್ತಿರುತ್ತವೆ. 1977ರ ಮಾರ್ಚ್ 5ರಂದು ದಕ್ಷಿಣ ಆಫ್ರಿಕಾದ ಕ್ಯಾಲಾಮಿಯ ಕಾರ್ ರೇಸಿನಲ್ಲಿ 19 ವರ್ಷದ ಮಾರ್ಷಲ್, ಅಂದರೆ ಟ್ರ್ಯಾಕ್ ಕಾವಲಿನವನೊಬ್ಬ, ಎದುರು ಬದಿಯಲ್ಲಿ ಹೊತ್ತಿಕೊಂಡಿದ್ದ ಕಾರಿನ ಬೆಂಕಿ ಆರಿಸಲೆಂದು ಸಿಲಿಂಡರ್ ಹೊತ್ತು ಟ್ರ್ಯಾಕ್ ದಾಟಲು ಓಡಿದ. ಏರಿನಾಚೆಯಿಂದ ಬಂದ ಟಾಮ್ ಪ್ರೈಸ್ ಎಂಬ ಚಾಲಕನ ಕಾರು ಅವನಿಗೆ ಬಡಿಯಿತು, ಅವನ ಕೈಲಿದ್ದ ಸಿಲಿಂಡರ್ ಪ್ರೈಸ್ ತಲೆಗೆ ಬಡಿಯಿತು. ಇಬ್ಬರೂ ಅಲ್ಲೇ ಸತ್ತರು. ಬೆಂಕಿ ಹೊತ್ತಿದ್ದ ಕಾರಿನ ಚಾಲಕ ಬದುಕಿಕೊಂಡ.

ನಾನು ಕೆರಗೋಡಿನವಳು. ಮಂಡ್ಯದಲ್ಲಿ ಅನಸ್ತೇಷಿಯಾ ಡಾಕ್ಟರು. ಜೊತೆಗೆ ಓದಿದ ಗೆಳತಿಯೊಬ್ಬಳು ಚೆನ್ನೈಯಲ್ಲಿದ್ದಾಳೆ. ಅವಳ ಒತ್ತಾಯಕ್ಕೆ ಒಮ್ಮೆ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿಗೆ ಸ್ವಯಂಸೇವೆಗೆಂದು ಹೋದವಳು ಆಮೇಲೆ ಬಿಡುವಾದಾಗೆಲ್ಲ ಹೋಗುತ್ತ ಬಂದೆ. ಫೀಸಿಲ್ಲ. ಒಂದು ಟೀ ಶರ್ಟು, ಒಂದು ಟೋಪಿ, ಎರಡು ಹೊತ್ತಿನ ಊಟ. ಬಿಸಿಲು ಮಾತ್ರ ಧಾರಾಳ. ಕ್ಲಿನಿಕ್ ಮುಚ್ಚಿ, ಪೆಟ್ರೋಲು ಹಾಕಿಸಿಕೊಂಡು, ಹೋಗಿ ಸುಮ್ಮನೆ ನಿಂತು ಬರುತ್ತೀಯಲ್ಲ ಎಂದು ಮನೆಯಲ್ಲಿ ನಗುತ್ತಾರೆ. ಸುಮ್ಮನೆ ನಿಂತು ಬಂದ ದಿನವೇ ಒಳ್ಳೆಯ ದಿನ. ಆಪರೇಷನ್ ಥಿಯೇಟರಿನಲ್ಲಿ ನನ್ನ ಮೇಜಿಗೆ ಬರುವ ಅಪಘಾತದ ರೋಗಿ, ಯಾರ‍್ಯಾರೋ ಎತ್ತಿ, ಎಳೆದು, ನೀರು ಕುಡಿಸಿ, ಎರಡು ಆಸ್ಪತ್ರೆ ಸುತ್ತಿಸಿ, ಕೆಡಬೇಕಾದ್ದೆಲ್ಲ ಕೆಟ್ಟಮೇಲೆ ಬರುತ್ತಾನೆ. ಟ್ರ್ಯಾಕಿನಲ್ಲಿ ಬಿದ್ದವನು ಮೊದಲ ನಿಮಿಷದಲ್ಲೇ ಸಿಗುತ್ತಾನೆ. ಆ ನಿಮಿಷದಲ್ಲಿ ಮಾಡುವ ಕೆಲಸ ಬಹಳ ಸಣ್ಣದು. ಉಸಿರಿನ ದಾರಿ ತೆರೆಯುವುದು, ಕತ್ತು ಅಲುಗದಂತೆ ಹಿಡಿಯುವುದು, ಸುರಿಯುವ ರಕ್ತವನ್ನು ಒತ್ತಿ ನಿಲ್ಲಿಸುವುದು. ಇದರಲ್ಲಿ ದೊಡ್ಡ ಮೆಷಿನ್ನಿನ ಕೆಲಸ ಯಾವುದೂ ಇಲ್ಲ.

ಹೆಲ್ಮೆಟ್ ತೆಗೆಯುವುದನ್ನೇ ನೋಡಿ. ಅದಕ್ಕೆ ಇಬ್ಬರು ಬೇಕು. ಒಬ್ಬರು ಎದೆಯ ಬದಿಗೆ ಮಂಡಿಯೂರಿ, ಒಂದು ಕೈಯಲ್ಲಿ ದವಡೆ, ಇನ್ನೊಂದು ಕೈಯಲ್ಲಿ ಕತ್ತಿನ ಹಿಂಭಾಗ ಹಿಡಿದಿರಬೇಕು. ಇನ್ನೊಬ್ಬರು ತಲೆಯ ಕಡೆ ಕೂತು, ಪಟ್ಟಿ ಕತ್ತರಿಸಿ, ಹೆಲ್ಮೆಟ್ಟಿನ ಎರಡೂ ಕೆನ್ನೆ ಅಗಲಿಸಿ, ಮೂಗು ದಾಟುವಾಗ ಒಂಚೂರು ಓರೆ ಮಾಡಿ, ಬೆರಳಗಲ ಬೆರಳಗಲವಾಗಿ ಮೇಲಕ್ಕೆಳೆಯಬೇಕು. ತಲೆಯ ಭಾರ ಪೂರ್ತಿ ಕೈಗೆ ಬರುವಾಗ ಕೆಳಗೆ ಹಿಡಿದವರು ಹೇಳಬೇಕು, ಬಂತು ಅಂತ. ಟ್ರ್ಯಾಕಿನ ಮಾರ್ಷಲ್ ಹುಡುಗರು ಇದನ್ನು ಒಬ್ಬರ ಮೇಲೊಬ್ಬರು ಪ್ರಯೋಗಿಸಿ ಕಲಿತಿದ್ದಾರೆ. ಅವರಲ್ಲಿ ಬಹಳ ಮಂದಿ ಕಾಲೇಜು ಹುಡುಗರು, ಬ್ಯಾಂಕಿನವರು, ಫ್ಯಾಕ್ಟರಿ ಕೆಲಸದವರು. ಡಾಕ್ಟರಲ್ಲ, ನರ್ಸಲ್ಲ. ನಮ್ಮ ಹೈವೇಯಲ್ಲಿ ಬೈಕಿನವನು ಬಿದ್ದರೆ ಮೊದಲು ಬಂದವನು ಮಾಡುವ ಕೆಲಸ ಹೆಲ್ಮೆಟ್ಟನ್ನು ಕಿತ್ತೆಳೆಯುವುದು, ಎರಡನೆಯವನದು ಬಾಯಿಗೆ ನೀರು ಹುಯ್ಯುವುದು.

ಆದರೆ ನಾನಿಲ್ಲಿ ಹೇಳಹೊರಟಿದ್ದು ಪ್ರಥಮ ಚಿಕಿತ್ಸೆಯ ಪಾಠವಲ್ಲ. ಟ್ರ್ಯಾಕಿನಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಬೇರೆಯೇ ಒಂದು ಸಂಗತಿ. ಬೆಳಿಗ್ಗೆ ಮುಖ್ಯ ವೈದ್ಯಾಧಿಕಾರಿ ಕಾರಿನಲ್ಲಿ ಒಂದು ಸುತ್ತು ಬರುತ್ತಾರೆ. ಯಾವ ಆಂಬುಲೆನ್ಸ್ ಯಾವ ತಿರುವಿನಲ್ಲಿ, ಅದರ ಮೂತಿ ಯಾವ ಕಡೆಗೆ, ಆಕ್ಸಿಜನ್ ಸಿಲಿಂಡರಿನ ಮುಳ್ಳು ಎಲ್ಲಿದೆ, ಹೊರಗೆ ಹೋಗುವ ಗೇಟಿನ ಬೀಗದ ಕೈ ಯಾರ ಜೇಬಿನಲ್ಲಿದೆ, ಎಲ್ಲ ನೋಡುತ್ತಾರೆ. ಅವರು ಸರಿ ಅನ್ನುವವರೆಗೆ ರೇಸು ಶುರುವಾಗುವುದಿಲ್ಲ. ಕೋಟಿ ಬಾಳುವ ಗಾಡಿಗಳು, ಪ್ರಾಯೋಜಕರು, ಟೀವಿಯವರು ಎಲ್ಲರೂ ಕಾಯುತ್ತಾರೆ. ಬಿದ್ದವನನ್ನು ಹೊತ್ತು ಆಂಬುಲೆನ್ಸ್ ಹೊರಟುಹೋಗಿ, ಇರಲೇಬೇಕಾದಷ್ಟು ಉಳಿಯದಿದ್ದರೆ ಮುಂದಿನ ರೇಸು ನಿಂತಿತು ಅಂತಲೇ. 2020ರ ಅಕ್ಟೋಬರಿನಲ್ಲಿ ಜರ್ಮನಿಯ ನೂರ್‌ಬರ್ಗ್‌ರಿಂಗ್‌ನಲ್ಲಿ ಮಂಜು ಕವಿದು ಆಸ್ಪತ್ರೆಗೆ ಒಯ್ಯುವ ಹೆಲಿಕಾಪ್ಟರ್ ಹಾರಲಾಗದೆಂದು ಗೊತ್ತಾದಾಗ, ಫಾರ್ಮುಲಾ ಒನ್ ಕಾರುಗಳ ಮೊದಲ ದಿನದ ಅಭ್ಯಾಸವನ್ನೇ ಪೂರ್ತಿ ರದ್ದು ಮಾಡಿದರು. ಟ್ರ್ಯಾಕು ಒಣಗಿದೆಯೇ, ನೆನೆದಿದೆಯೇ ಅನ್ನುವುದು ಅಲ್ಲಿ ಎರಡನೆಯ ಪ್ರಶ್ನೆ.

ಈ ಅಧಿಕಾರ ಡಾಕ್ಟರಿಗೆ ಯಾರೂ ಪ್ರೀತಿಯಿಂದ ಕೊಟ್ಟಿದ್ದಲ್ಲ. ಲಂಡನ್ನಿನ ನ್ಯೂರೋಸರ್ಜನ್ ಸಿಡ್ ವಾಟ್ಕಿನ್ಸ್ 1978ರಲ್ಲಿ ಫಾರ್ಮುಲಾ ಒನ್ ರೇಸುಗಳ ವೈದ್ಯರಾಗಿ ಬಂದರು. ಅದೇ ವರ್ಷ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ರೇಸು ಶುರುವಾಗುತ್ತಿದ್ದಂತೆ ಹಲವು ಕಾರುಗಳು ಡಿಕ್ಕಿಯಾದವು. ಸ್ವೀಡನ್ನಿನ ರೋನಿ ಪೀಟರ್ಸನ್‌ನನ್ನು ಉರಿಯುವ ಕಾರಿನಿಂದ ಜೊತೆಯ ಚಾಲಕರೇ ಎಳೆದು ಹಾಕಿದರು. ಎರಡೂ ಕಾಲು ಮುರಿದಿದ್ದವು, ಪ್ರಜ್ಞೆಯಿತ್ತು. ವಾಟ್ಕಿನ್ಸ್ ಓಡಿ ಬಂದರೆ ಪೊಲೀಸರು ಕೈಕೈ ಹಿಡಿದು ಕಟ್ಟಿದ್ದ ಗೋಡೆ ಅವರನ್ನೂ ಒಳಗೆ ಬಿಡಲಿಲ್ಲ. ಆಂಬುಲೆನ್ಸ್ ಬರಲು ಸುಮಾರು 18 ನಿಮಿಷ ಹಿಡಿಯಿತು. ಮುರಿದ ಮೂಳೆಗಳ ಕೊಬ್ಬು ರಕ್ತಕ್ಕೆ ಸೇರಿ ಪೀಟರ್ಸನ್ ಮರುದಿನ ತೀರಿಕೊಂಡ. ಆಮೇಲೆ ವಾಟ್ಕಿನ್ಸ್ ಪಟ್ಟು ಹಿಡಿದರು. ಅರಿವಳಿಕೆ ತಜ್ಞರು ಬೇಕು, ಹೆಲಿಕಾಪ್ಟರ್ ಬೇಕು, ಮೊದಲ ಸುತ್ತಿನಲ್ಲಿ ಕಾರುಗಳ ಹಿಂದೆಯೇ ಡಾಕ್ಟರ ಕಾರು ಹೋಗಬೇಕು. 2020ರ ನವೆಂಬರ್ 29ರಂದು ಬಹರೇನಿನಲ್ಲಿ ರೊಮೈನ್ ಗ್ರೋಜಾನ್‌ನ ಕಾರು ಎರಡು ತುಂಡಾಗಿ ಹೊತ್ತಿ ಉರಿದಾಗ ಕೆಲವೇ ಸೆಕೆಂಡಿನಲ್ಲಿ ಅವನ ಎದುರು ನಿಂತಿದ್ದದ್ದು ಆ ಕಾರೇ. ಅವನು ಬೆಂಕಿಯಲ್ಲಿದ್ದದ್ದು 28 ಸೆಕೆಂಡು. ಸುಟ್ಟ ಕೈಗಳೊಂದಿಗೆ ಎದ್ದು ಬಂದ.

ಹಾಗೆಂದು ಡಾಕ್ಟರು ನಿಂತುಬಿಟ್ಟರೆ ಯಾರೂ ಸಾಯುವುದಿಲ್ಲ ಎಂದು ನಾನು ಹೇಳಲಾರೆ. 2023ರ ಆಗಸ್ಟ್ 5ರಂದು ಇರುಂಗಾಟ್ಟುಕೋಟೆಯ ಅದೇ ಟ್ರ್ಯಾಕಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ ಬೈಕ್ ರೇಸಿನಲ್ಲಿ ಬಿದ್ದು ತೀರಿಕೊಂಡ. ಆಂಬುಲೆನ್ಸ್ ಅಲ್ಲೇ ಇತ್ತು, ರೇಸನ್ನೂ ತಕ್ಷಣ ನಿಲ್ಲಿಸಿದ್ದರು. ಆ ವಯಸ್ಸಿನ ಮಕ್ಕಳನ್ನು ಆ ವೇಗಕ್ಕೆ ಹಚ್ಚಬೇಕೇ ಅನ್ನುವುದು ಬೇರೆ ಚರ್ಚೆ. ನನ್ನ ಅಭಿಪ್ರಾಯ ಕೇಳಿದರೆ ಬೇಡ. ಆ ಸಾವಿಗೂ ಎರಡೂವರೆ ವರ್ಷ ಮುಂಚೆ, 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಕಾರ್ ರ‍್ಯಾಲಿಯಲ್ಲಿ ಬೆಂಗಳೂರಿನವರೇ ಆದ ಬೈಕ್ ಸವಾರ ಸಿ.ಎಸ್. ಸಂತೋಷ್ ತಲೆಗೆ ಪೆಟ್ಟು ಬಿದ್ದು ಪ್ರಜ್ಞೆ ತಪ್ಪಿದಾಗ, ಮರಳುಗಾಡಿನ ನಡುವಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ರಿಯಾದಿನ ಆಸ್ಪತ್ರೆಗೆ ಸಾಗಿಸಿದರು. ಅವರು ಬದುಕಿ ಊರಿಗೆ ಬಂದರು.

ಇಷ್ಟೆಲ್ಲ ಕಾರು, ಬೈಕಿನ ಪುರಾಣ ಹೇಳಿದ್ದು ಎತ್ತಿನಗಾಡಿಗೆ ಬರಲೆಂದೇ.

ನಮ್ಮ ಕಡೆ ಮೋಟಾರು ರೇಸಿಲ್ಲ. ಗಾಡಿ ಓಟ ಇದೆ. ಭತ್ತ ಕೊಯ್ದು ಗದ್ದೆ ಒಣಗಿದ ಮೇಲೆ, ಜಾತ್ರೆ ಹಬ್ಬಗಳ ಕಾಲ ಬಂತೆಂದರೆ ಮಂಡ್ಯ, ಮದ್ದೂರು, ಮಳವಳ್ಳಿ ಸುತ್ತಿನಲ್ಲಿ ಒಂದಲ್ಲ ಒಂದೂರಿನಲ್ಲಿ ಇರುತ್ತದೆ. ಹಳ್ಳಿಕಾರ್ ಎತ್ತುಗಳ ಜೋಡಿ ಎಳೆಯುವ ಗಾಡಿಯ ಮೇಲೆ ಒಬ್ಬನೇ ನಿಂತು ಓಡಿಸುತ್ತಾನೆ. ಹೆಲ್ಮೆಟ್ಟಿಲ್ಲ, ಹಿಡಿಯಲು ಹಗ್ಗ ಬಿಟ್ಟರೆ ಏನೂ ಇಲ್ಲ. ನಮ್ಮಪ್ಪ ಸಾಕಿದ್ದ ಜೋಡಿಯೂ ಓಡುತ್ತಿತ್ತು, ಅದನ್ನು ನೋಡುತ್ತ ಬೆಳೆದವಳು ನಾನು. ಗಾಡಿ ಓಟ ನಿಲ್ಲಿಸಿ ಎಂದು ಬರೆಯುವವರ ಸಾಲಿಗೆ ನಾನು ಸೇರುವುದಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಬೇಡ ಎಂದಿತು, 2017ರಲ್ಲಿ ನಮ್ಮ ರಾಜ್ಯ ಪ್ರಾಣಿಹಿಂಸೆ ತಡೆಯುವ ಕಾಯಿದೆಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಈ ಒಂಬತ್ತು ವರ್ಷ ವಾದವೆಲ್ಲ ಎತ್ತಿಗೆ ಹಿಂಸೆಯಾಗುತ್ತದೋ ಇಲ್ಲವೋ ಎಂಬುದರ ಸುತ್ತಲೇ ನಡೆಯಿತು. ನಡೆಯಬೇಕಾದ್ದೇ. ಗಾಡಿಯ ಮೇಲೆ ನಿಂತವನ ಬಗ್ಗೆ, ಗಾಡಿ ನುಗ್ಗುವ ಕಡೆ ಮೊಬೈಲ್ ಹಿಡಿದು ನಿಂತವನ ಬಗ್ಗೆ ಮಾತ್ರ ಮಾತೇ ಬರಲಿಲ್ಲ.

ಇವರಿಬ್ಬರಲ್ಲಿ ನನಗೆ ಹೆಚ್ಚು ಹೆದರಿಕೆ ಎರಡನೆಯವನದು. ಗಾಡಿ ಹೊರಡುವ ಕಡೆಯಲ್ಲಿ ಕಟ್ಟಿಗೆಯ ಬೇಲಿ ಹಾಕಿರುತ್ತಾರೆ, ಗುರಿ ಮುಟ್ಟುವ ಕಡೆ ಜನವೇ ಬೇಲಿ. ಎದುರಿಗೆ ಬರುವ ಜೋಡಿಯನ್ನು ಚಿತ್ರ ತೆಗೆಯಲು ಹುಡುಗರು ಟ್ರ್ಯಾಕಿನ ನಡುವೆಯೇ ನಿಂತು, ಕೊನೆಯ ಗಳಿಗೆಯಲ್ಲಿ ಆಚೀಚೆ ಸರಿಯುತ್ತಾರೆ. ಗುರಿ ದಾಟಿದ ಎತ್ತಿಗೆ ಗುರಿ ದಾಟಿತೆಂದು ಗೊತ್ತಿರುವುದಿಲ್ಲ. ಅದು ಜನರೊಳಕ್ಕೇ ನುಗ್ಗುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಮಂದಿ ಸತ್ತಮೇಲೆ ಜನಸಂದಣಿಯ ಬಗ್ಗೆ ಬೆಂಗಳೂರಿನಲ್ಲಿ ಬೇಕಾದಷ್ಟು ಚರ್ಚೆಯಾಯಿತು. ಆ ಚರ್ಚೆಯಲ್ಲಿ ಗದ್ದೆ ಬಯಲಿನ ನೆನಪು ಯಾರಿಗೂ ಬಂದಂತಿಲ್ಲ.

ಕೆರಗೋಡಿನಿಂದ ಆಚೆಯ ಒಂದೂರಿನ ಗಾಡಿ ಓಟಕ್ಕೆ ಸಮಿತಿಯವರು ನನ್ನನ್ನು ಕರೆದಿದ್ದರು. ಡಾಕ್ಟರ ವ್ಯವಸ್ಥೆ ಇದೆ ಎಂದು ಅನುಮತಿಯ ಅರ್ಜಿಯಲ್ಲಿ ಬರೆಯಲು ಒಂದು ಹೆಸರು ಬೇಕಿತ್ತು. ಹೋದೊಡನೆ ವೇದಿಕೆ ಹತ್ತಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, ಮುಖಂಡರ ಸಾಲಿನಲ್ಲಿ ಕೂರಿಸಿದರು. ಕೆಳಗೆ ಟ್ರ್ಯಾಕಿನ ಪಕ್ಕ ನಿಲ್ಲುತ್ತೇನೆ ಎಂದರೆ, ಸಮಿತಿಯಲ್ಲಿದ್ದ ನನ್ನ ಚಿಕ್ಕಪ್ಪನಿಗೆ ಅವಮಾನವಾದಷ್ಟು ಬೇಸರವಾಯಿತು. ‘ಧೂಳಲ್ ಯಾಕ್ ನಿಂತ್ಕತೀಯ ಕಣವ್ವ, ಇಲ್ಲೇ ಕೂತ್ಕೊ. ದೇವ್ರ ಹೆಸ್ರಲ್ಲಿ ಮಾಡ್ತಿರೋದು, ಏನೂ ಆಗಕಿಲ್ಲ ಬುಡು’ ಅಂದರು.

ಮಧ್ಯಾಹ್ನದ ಮೇಲೆ ಒಂದು ಗಾಡಿಯ ಚಕ್ರ ಬದುವಿಗೆ ತಗುಲಿ ಎಗರಿತು. ನಿಂತಿದ್ದವನು ಮುಂದಕ್ಕೆ ಬಿದ್ದ, ಚಕ್ರ ಅವನ ಹೊಟ್ಟೆ ಸೊಂಟದ ಮೇಲೆ ಹಾದುಹೋಯಿತು. ನಾನು ಪೇಟ ಕಿತ್ತು, ಜನರನ್ನು ತಳ್ಳಿಕೊಂಡು ಹೋಗಿ ಸೇರುವಷ್ಟರಲ್ಲಿ ಎಂಟತ್ತು ಕೈ ಅವನನ್ನು ಎತ್ತಿ ನಿಲ್ಲಿಸಲು ನೋಡುತ್ತಿದ್ದವು. ಒಬ್ಬ ಮುಖಕ್ಕೆ ಸೋಡಾ ಹೊಡೆಯುತ್ತಿದ್ದ. ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗೋಣ ಎಂದು ಇನ್ನೊಬ್ಬ ಬೈಕು ಸ್ಟಾರ್ಟ್ ಮಾಡಿದ್ದ. ಬಿದ್ದವನು ಮಾತಾಡುತ್ತಿದ್ದ. ‘ನಂಗೇನೂ ಆಗಿಲ್ಲ, ಎತ್ತು ಎಲ್ಲೋದವು ನೋಡ್ರಿ’ ಎನ್ನುತ್ತಿದ್ದ. ಮೇಲೆ ಒಂದು ಹನಿ ರಕ್ತವಿರಲಿಲ್ಲ. ನಾಡಿ ಮಾತ್ರ ಓಡುತ್ತಿತ್ತು, ಎಡಗಡೆ ಪಕ್ಕೆಲುಬಿನ ಕೆಳಗೆ ಮುಟ್ಟಿದರೆ ಹಲ್ಲು ಕಚ್ಚುತ್ತಿದ್ದ, ಅಂಗೈ ತಣ್ಣಗಾಗಿತ್ತು. ಒಳಗೆ ರಕ್ತ ಸೋರುತ್ತಿದೆ ಅನ್ನುವುದಕ್ಕೆ ಇಷ್ಟು ಸಾಕು. ಯಾರದೋ ಹೆಗಲಿನ ಟವೆಲ್ ಇಸಿದುಕೊಂಡು ಸೊಂಟದ ಸುತ್ತ ಬಿಗಿದೆ, ವೇದಿಕೆಯ ಬೆಂಚಿನ ಹಲಗೆ ತರಿಸಿ ಮಲಗಿಸಿದೆ.

ಇದರ ನಡುವೆ ನೆಲ ನಡುಗಿತು. ತಲೆ ಎತ್ತಿ ನೋಡಿದರೆ ಮುಂದಿನ ಜೋಡಿ ಬಿಟ್ಟಿದ್ದಾರೆ. ನಾವು ಮಂಡಿಯೂರಿದ್ದ ಜಾಗಕ್ಕೆ ಮಾರು ದೂರದಲ್ಲಿ ಗಾಡಿ ಹಾದುಹೋಯಿತು, ಮೈಕಿನವರು ಎತ್ತುಗಳ ಹೆಸರು ಕೂಗುತ್ತಿದ್ದರು. ಓಟ ನಿಲ್ಲಿಸಿ ಎಂದು ಹುಡುಗನೊಬ್ಬನನ್ನು ಓಡಿಸಿದೆ. ‘ಸಮಿತಿಯವ್ರು ಹೇಳ್ಬೇಕು’ ಎಂಬ ಉತ್ತರ ಬಂತು. ಸಮಿತಿಯವರು ಎಲ್ಲ ಕಡೆ ಇದ್ದರು, ಹಾಗಾಗಿ ಎಲ್ಲೂ ಇರಲಿಲ್ಲ. 108 ಆಂಬುಲೆನ್ಸ್ ಬೇಗನೇ ಊರ ಬಾಗಿಲಿಗೆ ಬಂತು. ಅಲ್ಲಿಂದ ಗದ್ದೆಗೆ ಇಳಿಯುವ ದಾರಿಯುದ್ದಕ್ಕೂ ಬೈಕು, ಚುರುಮುರಿ ಗಾಡಿ, ಕಬ್ಬಿನ ಹಾಲಿನ ಮೆಷಿನ್ನು. ಹಲಗೆಯನ್ನು ಹೊತ್ತುಕೊಂಡೇ ರಸ್ತೆಗೆ ಬಂದೆವು. ಆತನ ಗುಲ್ಮ, ಅಂದರೆ ಸ್ಪ್ಲೀನ್, ಹರಿದಿತ್ತು. ಅದೇ ರಾತ್ರಿ ಆಪರೇಷನ್ ಆಗಿ ಉಳಿದುಕೊಂಡ. ಈಗ ಗಾಡಿ ಓಡಿಸುವುದಿಲ್ಲ, ಎತ್ತು ಸಾಕುವುದನ್ನು ಬಿಟ್ಟಿಲ್ಲ.

ನಮ್ಮ ಹಳ್ಳಿಗಳಲ್ಲಿ ಡಾಕ್ಟರಿಗೆ ಮರ್ಯಾದೆ ಕಡಿಮೆ ಎಂದು ದೂರಿದರೆ ಸುಳ್ಳಾಗುತ್ತದೆ. ಮರ್ಯಾದೆ ಬೇಕಾದಷ್ಟಿದೆ. ಮಾತು ನಡೆಯುವುದಿಲ್ಲ. ಮೊಂಜಾದಲ್ಲಿ ವಾಟ್ಕಿನ್ಸ್ ಅವರನ್ನು ಪೊಲೀಸರ ಗೋಡೆ ತಡೆಯಿತು, ನನ್ನನ್ನು ಶಾಲು ತಡೆಯಿತು. ಗಾಡಿ ಓಟಕ್ಕೆ ಅನುಮತಿ ಕೊಡುವ ಕಾಗದದಲ್ಲಿ ಒಂದು ಸಾಲು ಸೇರಿಸಿ ಎಂದು ನಾನು ಜಿಲ್ಲಾಡಳಿತವನ್ನು ಕೇಳುವುದು ಇದಕ್ಕೇ: ಸ್ಥಳದಲ್ಲಿರುವ ಡಾಕ್ಟರು ಕೆಂಪು ಬಾವುಟ ಎತ್ತಿದರೆ ಓಟ ನಿಲ್ಲಬೇಕು, ಅವರು ಇಳಿಸುವವರೆಗೆ ಮುಂದಿನ ಜೋಡಿ ಬಿಡಕೂಡದು. ಆಂಬುಲೆನ್ಸ್ ಹೊರಟರೆ ಇನ್ನೊಂದು ಬರುವ ತನಕ ಓಟವಿಲ್ಲ. ಅದು ಹೊರಗೆ ಹೋಗುವ ದಾರಿಯಲ್ಲಿ ಒಂದು ಸೈಕಲ್ಲೂ ನಿಲ್ಲಕೂಡದು. ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಬೇರೆ ಆಸ್ಪತ್ರೆಗೋ ಹಿಂದಿನ ದಿನವೇ ಫೋನ್ ಮಾಡಿ, ನಾಳೆ ಇಂಥ ಊರಲ್ಲಿ ಓಟವಿದೆ ಎಂದು ತಿಳಿಸಿರಬೇಕು. ತಲೆಗೆ ಪೆಟ್ಟಾದವನನ್ನು ಮೈಸೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಎಂದು ಗದ್ದೆಯಲ್ಲಿ ನಿಂತು ಚರ್ಚಿಸುವ ಹೊತ್ತು ಅದಲ್ಲ.

ಇದು ಕಂಡು ಕೇಳರಿಯದ ಬೇಡಿಕೆಯೇನಲ್ಲ. ಪಕ್ಕದ ತಮಿಳುನಾಡು 2017ರಲ್ಲಿ ಜಲ್ಲಿಕಟ್ಟಿಗೆ ಪ್ರತ್ಯೇಕ ನಿಯಮಗಳನ್ನೇ ಮಾಡಿತು. ಅಲಂಗಾನಲ್ಲೂರು, ಪಾಲಮೇಡುಗಳಲ್ಲಿ ಗೂಳಿ ಹಿಡಿಯುವ ಹುಡುಗರು ಕಣಕ್ಕಿಳಿಯುವ ಮುನ್ನ ವೈದ್ಯರ ತಂಡ ಅವರನ್ನು ಪರೀಕ್ಷಿಸುತ್ತದೆ, ಪ್ರೇಕ್ಷಕರ ಮುಂದೆ ತಡೆಬೇಲಿ ಇರುತ್ತದೆ, ಆಂಬುಲೆನ್ಸ್ ಸಾಲಾಗಿ ನಿಂತಿರುತ್ತವೆ. ಅಷ್ಟಿದ್ದೂ ಅಲ್ಲಿ ಸಾವು ನೋವು ಆಗುತ್ತವೆ. ಏನೂ ಇಲ್ಲದ ಕಡೆ ಎಷ್ಟಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಖರ್ಚಿನ ಮಾತು ಬರುತ್ತದೆ, ಬರಲಿ. ಮೊದಲ ಬಹುಮಾನಕ್ಕೆ ಬೈಕು, ಎರಡನೆಯದಕ್ಕೆ ಚಿನ್ನ, ಆಮೇಲೆ ನಗದು ಎಂದು ಆಳೆತ್ತರದ ಫ್ಲೆಕ್ಸಿನಲ್ಲಿ ಬರೆಸುವವರಿಗೆ ಒಂದು ದಿನದ ಖಾಸಗಿ ಆಂಬುಲೆನ್ಸಿನ ಬಾಡಿಗೆ ಭಾರವೆಂದರೆ ನಂಬುವುದು ಕಷ್ಟ. ಸಮಾಧಾನಕರ ಬಹುಮಾನಗಳಲ್ಲಿ ಒಂದೆರಡನ್ನು ಕೈಬಿಟ್ಟರೆ ಸ್ಪೈನ್ ಬೋರ್ಡು, ಕತ್ತಿನ ಕಾಲರ್ ಕೂಡ ಬಂದಾವು. ಅವು ಒಮ್ಮೆ ಕೊಂಡರೆ ಹೋಬಳಿಗೆಲ್ಲ ಸಾಕು, ಊರಿಂದೂರಿಗೆ ಪೆಂಡಾಲಿನ ಸಾಮಾನಿನ ಜೊತೆಯಲ್ಲೇ ಹೋಗಬಹುದು.

ನನ್ನ ಜೊತೆಯ ಡಾಕ್ಟರುಗಳಿಗೂ ಒಂದು ಮಾತಿದೆ. ಭಾನುವಾರ ಯಾಕೆ ಹಾಳು ಮಾಡಿಕೊಳ್ಳುವುದು ಅನ್ನುವವರಿಗಿಂತ, ನಾಳೆ ಕೇಸಾದರೆ ಏನು ಗತಿ ಅನ್ನುವವರೇ ಹೆಚ್ಚು. ಆ ಹೆದರಿಕೆ ಪೂರ್ತಿ ಸುಳ್ಳಲ್ಲ. ಅಪಘಾತದಲ್ಲಿ ನೆರವಾದವರನ್ನು ಕಾಪಾಡಲು ರಾಜ್ಯದ್ದೇ 2016ರ ಕಾಯಿದೆ ಇದೆ. ಕೇಂದ್ರದ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಸೇರಿಸಿದ ಕಲಮೂ ಇದೆ, ಆದರೆ ಅದು ಹೇಳುವುದು ಮೋಟಾರು ವಾಹನದ ಅಪಘಾತದ ಬಗ್ಗೆ. ಎತ್ತಿನಗಾಡಿಗೆ ಮೋಟಾರೆಲ್ಲಿ! ಅಲ್ಲದೆ ಮೊದಲೇ ಗೊತ್ತುಮಾಡಿ ಕರೆಸಿದ ಡಾಕ್ಟರು ದಾರಿಹೋಕರಲ್ಲ. ಹಾಗಾಗಿ ಬಾಯಿಮಾತಿನ ಕರೆಗೆ ಹೋಗಬೇಡಿ. ಹೆಸರು, ಹೊಣೆ, ಅಧಿಕಾರ ಮೂರನ್ನೂ ಬರೆದ ಕಾಗದ ಕೇಳಿ ಪಡೆದು ಹೋಗಿ. ಹೋಗುವ ಮುಂಚೆ ಊರಿನ ಹತ್ತು ಹುಡುಗರನ್ನು ಒಂದು ಸಂಜೆ ಕೂರಿಸಿಕೊಂಡು, ಬಿದ್ದವನನ್ನು ಎತ್ತದೆ ಇರುವುದು ಹೇಗೆಂದು ಕಲಿಸಿ. ನಾನು ಟ್ರ್ಯಾಕಿನಲ್ಲಿ ಕಲಿತದ್ದರಲ್ಲಿ ನಮ್ಮೂರಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಗಾಡಿ ಓಟದ ಹಿಂದೆ ಬೈಕಿನಲ್ಲಿ ಅಟ್ಟಿಸಿಕೊಂಡು ಹೋಗುವ ಹುಡುಗರು ಎಂದು ಬೈಯುತ್ತೇವಲ್ಲ, ಒಂದು ಕೇಸರಿ ಜಾಕೆಟ್ಟು ಹಾಕಿ, ಒಂದು ಸೀಟಿ ಕೊಟ್ಟು ನಿಲ್ಲಿಸಿದರೆ ಅವರಷ್ಟು ನಿಯತ್ತಿನ ಕಾವಲುಗಾರರು ಸಿಗುವುದಿಲ್ಲ.

ಈ ಸಲದ ಓಟಕ್ಕೆ ಚಿಕ್ಕಪ್ಪ ಮತ್ತೆ ಬಂದಿದ್ದರು. ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟೆ. ಆಂಬುಲೆನ್ಸ್ ಒಪ್ಪಿದರು, ದಾರಿ ಬಿಡಿಸುವುದಕ್ಕೂ ಒಪ್ಪಿದರು. ಬಾವುಟದ ಹತ್ತಿರ ಬಂದು ನಿಂತರು. ‘ಫೈನಲ್ ಓಡೋವಾಗ ನೀ ಎತ್ತ್‌ಬುಟ್ರೆ ಜನ ಸುಮ್ಕಿರ್ತರಾ ಕಣವ್ವ?’ ಎಂದು ಕೇಳಿದರು. ಸುಮ್ಮನಿರುವುದಿಲ್ಲ, ಗಲಾಟೆ ಮಾಡುತ್ತಾರೆ, ಅದಕ್ಕೇ ಮೈಕಿನಲ್ಲಿ ಬೆಳಿಗ್ಗೆಯೇ ನಾಲ್ಕು ಸಲ ಹೇಳಿಸಿ ಎಂದೆ. ಸಮಿತಿಯವರನ್ನು ಕೇಳಿ ಹೇಳುತ್ತೇನೆಂದು ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಹೋಗಿದ್ದಾರೆ. ಅನುಮತಿಯ ಅರ್ಜಿ ಇನ್ನೂ ತಹಸೀಲ್ದಾರ್ ಕಚೇರಿಗೆ ಹೋಗಿಲ್ಲ. ಆ ಹಾಳೆಯ ಒಂದು ಪ್ರತಿಯನ್ನು ನಾನೇ ಅಲ್ಲಿಗೆ ಕೊಟ್ಟು ಬಂದಿದ್ದೇನೆ, ಚಿಕ್ಕಪ್ಪನಿಗೆ ಈ ವಿಷಯ ಪತ್ರಿಕೆ ಓದಿದ ಮೇಲೇ ಗೊತ್ತಾಗುವುದು.